ವೈರಸ್ಸೋ, ಬಗ್ಗೋ, ಬರೀ ಬ್ಯಾಟರಿಯೋ: ಫಾರ್ಮ್ಯಾಟ್‌ಗೆ ಮುಂಚೆ ನೋಡಬೇಕಾದ್ದು

"ಸಿಸ್ಟಂಗೆ ವೈರಸ್ ಬಂದಿದೆ. ಒಂದ್ಸಲ ಫಾರ್ಮ್ಯಾಟ್ ಮಾಡಿಕೊಡಿ."

ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವವರಲ್ಲಿ ಬಹಳ ಜನ ರೋಗ, ಔಷಧಿ ಎರಡನ್ನೂ ತಾವೇ ಗೊತ್ತು ಮಾಡಿಕೊಂಡು ಬರುತ್ತಾರೆ. ಪ್ರಿಂಟರ್ ನಿಂತರೆ ವೈರಸ್. ಕನ್ನಡ ಅಕ್ಷರ ಕೆಟ್ಟರೆ ವೈರಸ್. ಕೀಬೋರ್ಡಿನ ಒಂದು ಗುಂಡಿ ಒಳಗೇ ಕೂತು ಪರದೆ ತುಂಬ ಒಂದೇ ಅಕ್ಷರ ಬರುತ್ತಿದ್ದರೂ ವೈರಸ್. ನಾನೂ ಶುರುವಿನಲ್ಲಿ ಅವರು ಹೇಳಿದ ಹಾಗೇ ಮಾಡುತ್ತಿದ್ದೆ. ಫಾರ್ಮ್ಯಾಟ್ ಮಾಡು, ವಿಂಡೋಸ್ ಹಾಕು, ದುಡ್ಡು ತಗೋ. ಅರ್ಧ ದಿನದ ಕೆಲಸ, ತಲೆ ಓಡಿಸುವ ತಾಪತ್ರಯ ಇಲ್ಲ.

ತೊಂದರೆ ಏನೆಂದರೆ, 'ವೈರಸ್' ಅಂತ ಹೆಸರಿಟ್ಟ ಕೂಡಲೇ ಹುಡುಕಾಟ ನಿಂತುಹೋಗುತ್ತದೆ. ನಿಜವಾದ ಕಾರಣ ಅಲ್ಲೇ ಉಳಿಯುತ್ತದೆ, ಇಲ್ಲವೇ ಫಾರ್ಮ್ಯಾಟ್ ಮಾಡಿದ್ದರಿಂದಲೇ ಹೊಸದೊಂದು ಹುಟ್ಟುತ್ತದೆ. ಎರಡನೆಯದು ನನ್ನ ಕೈಯಲ್ಲೇ ಆಗಿದೆ. ಅದನ್ನು ಮುಂದೆ ಹೇಳುತ್ತೇನೆ. ಇಲ್ಲಿರುವುದೆಲ್ಲ ಮುಖ್ಯವಾಗಿ ವಿಂಡೋಸ್ ಕಂಪ್ಯೂಟರಿನ ಮಾತು. ನಮ್ಮ ಕಡೆ ಅಂಗಡಿ, ಶಾಲೆ, ಆಫೀಸುಗಳಲ್ಲಿ ಇರುವುದು ಜಾಸ್ತಿ ಅದೇ ಅಲ್ವಾ.

ಎರಡಕ್ಕೂ ಇರುವ ವ್ಯತ್ಯಾಸ

ಬಗ್ ಅಂದರೆ ಪ್ರೋಗ್ರಾಂ ಬರೆದವರ ತಪ್ಪು. ಬೇಕೆಂದು ಮಾಡಿದ್ದಲ್ಲ. ವೈರಸ್ ಅಂದರೆ ಯಾರೋ ಬೇಕೆಂದೇ ಬರೆದ ಪ್ರೋಗ್ರಾಂ. ಅದು ತನ್ನ ನಕಲು ಮಾಡಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ. ಬಗ್‌ಗೆ ಕಾಲಿಲ್ಲ, ವೈರಸ್‌ಗೆ ಕಾಲಿದೆ. ಹುಡುಕುವಾಗ ಇಷ್ಟು ನೆನಪಿದ್ದರೆ ಸಾಕು.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇ (ಸ್ವಿಚ್ಚಿನಂಥ ಭಾಗ) ಒಳಗೆ ನಿಜವಾದ ಪತಂಗವೊಂದು ಸಿಕ್ಕಿಬಿದ್ದಿತ್ತು. ಅಲ್ಲಿನವರು ಅದನ್ನು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, 'ಬಗ್' (ಇಂಗ್ಲಿಷಿನಲ್ಲಿ ಹುಳ) ನಿಜವಾಗಿಯೂ ಸಿಕ್ಕ ಮೊದಲ ಪ್ರಸಂಗ ಎಂದು ತಮಾಷೆಯಾಗಿ ಬರೆದಿಟ್ಟರು. ಬಗ್ ಎಂಬ ಪದ ಅಲ್ಲೇ ಹುಟ್ಟಿತು ಅಂತ ಹೇಳುವವರಿದ್ದಾರೆ. ಅದು ಸರಿಯಲ್ಲ. ಎಡಿಸನ್ 1878ರಲ್ಲೇ ತನ್ನ ಯಂತ್ರಗಳ ದೋಷಕ್ಕೆ ಅದೇ ಪದ ಬಳಸಿದ್ದ. ಪದ ಮೊದಲೇ ಇದ್ದದ್ದರಿಂದಲೇ ಆ ಜೋಕು ಜೋಕಾಯಿತು.

ಪಿಸಿ ವೈರಸ್‌ನ ಕಥೆ ನಮ್ಮ ಪಕ್ಕದ ದೇಶದ್ದು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು 'ಬ್ರೈನ್' ಅಂತ ಒಂದನ್ನು ಬರೆದರು. ಅದು ಫ್ಲಾಪಿಯ ಬೂಟ್ ಭಾಗದಲ್ಲಿ ಕೂತು, ಫ್ಲಾಪಿಯಿಂದ ಫ್ಲಾಪಿಗೆ ಹರಡಿತು. ಒಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರ್ ಸಹ ಹಾಕಿದ್ದರು! ಇವತ್ತಿನವರು ಅಷ್ಟು ಪ್ರಾಮಾಣಿಕರಲ್ಲ.

ಬಗ್ ಇರುವ ವೈರಸ್ಸೂ ಇದೆ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಬಿಟ್ಟ ಮಾರಿಸ್ ವರ್ಮ್ (ವೈರಸ್‌ನ ದಾಯಾದಿ, ನೆಟ್‌ವರ್ಕಿನಲ್ಲಿ ತಾನಾಗೇ ಹರಡುವಂಥದ್ದು) ಹೊಸ ಕಂಪ್ಯೂಟರಿಗೆ ಹೋದಾಗ 'ನಾನು ಇಲ್ಲಿ ಈಗಾಗಲೇ ಇದ್ದೇನಾ?' ಅಂತ ನೋಡುತ್ತಿತ್ತು. ಆದರೆ ಏಳಕ್ಕೆ ಒಂದು ಸಲ, ಇದ್ದರೂ ಲೆಕ್ಕಿಸದೆ ಇನ್ನೊಂದು ನಕಲು ಇಳಿಸುವ ಹಾಗೆ ಬರೆದಿತ್ತು. ಏಳಕ್ಕೆ ಒಂದು ತೀರಾ ಜಾಸ್ತಿಯಾಯಿತು. ನಕಲಿನ ಮೇಲೆ ನಕಲು ಬಿದ್ದು ಯಂತ್ರಗಳು ಕುಸಿದವು. ಬರೆದವನ ಲೆಕ್ಕ ಸರಿಯಾಗಿದ್ದಿದ್ದರೆ ಅದು ಇನ್ನೂ ಎಷ್ಟೋ ದಿನ ಯಾರ ಕಣ್ಣಿಗೂ ಬೀಳದೆ ಇರಬಹುದಿತ್ತು.

ಮೌಸ್ ಮುಟ್ಟುವ ಮೊದಲು

ಸಿಸ್ಟಂ ಬಂದ ಕೂಡಲೇ ನಾನು ಕೇಳುವುದು ಮೂರೇ ಮಾತು. ಯಾವತ್ತಿನಿಂದ ಹೀಗೆ? ಅದರ ಹಿಂದಿನ ದಿನ ಏನು ಬದಲಾಯಿತು? ಪ್ರತಿ ಸಲ ಒಂದೇ ಜಾಗದಲ್ಲಿ ಆಗುತ್ತಾ?

"ಏನೂ ಬದಲಾಗಿಲ್ಲ, ಸುಮ್ನೆ ತಾನಾಗೇ ಆಯ್ತು" ಅಂತಾರೆ. ಹತ್ತು ನಿಮಿಷ ಕೂರಿಸಿ ಟೀ ಕೊಟ್ಟರೆ ಒಂದೊಂದೇ ಹೊರಗೆ ಬರುತ್ತದೆ. ಮಗ ಒಂದು ಗೇಮ್ ಹಾಕಿದ್ದ. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತ್ತು. ಯಾರೋ ಬಂದು ಹೊಸ ಪ್ರಿಂಟರ್ ಸಿಕ್ಕಿಸಿ ಹೋದರು. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎರರ್ ಮೆಸೇಜ್ ಬಂದರೆ ಓಕೆ ಒತ್ತುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. "ಏನೋ ಇಂಗ್ಲಿಷಲ್ಲಿ ಬಂತು" ಅನ್ನುವುದರಿಂದ ಯಾರಿಗೂ ಉಪಯೋಗ ಇಲ್ಲ.

ಜನರ ನೆನಪಿಗಿಂತ ವಿಂಡೋಸ್‌ನ ನೆನಪು ಚೆನ್ನಾಗಿದೆ. ಸ್ಟಾರ್ಟ್ ಒತ್ತಿ 'ರಿಲಯಬಿಲಿಟಿ' ಅಂತ ಹುಡುಕಿ. 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಅಂತ ಬರುತ್ತದೆ. ತೆರೆದರೆ ದಿನದ ಲೆಕ್ಕದಲ್ಲಿ ಒಂದು ಪಟ್ಟಿ ಕಾಣುತ್ತದೆ. ಯಾವ ದಿನ ಯಾವ ಪ್ರೋಗ್ರಾಂ ಬಿತ್ತು, ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಎಲ್ಲ ಅಲ್ಲಿದೆ. ಕೆಂಪು ಗುರುತು ಶುರುವಾದ ದಿನದ ಹಿಂದುಮುಂದೆ ನೋಡಿ. ಇಷ್ಟು ಒಳ್ಳೆಯ ಸಾಧನ ಎಷ್ಟೋ ರಿಪೇರಿಯವರಿಗೇ ಗೊತ್ತಿಲ್ಲ.

ಆಮೇಲೆ ಅದಲು ಬದಲು ಪರೀಕ್ಷೆ. ಕೆಟ್ಟ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಅಲ್ಲೂ ಕೆಟ್ಟರೆ ತಪ್ಪು ಫೈಲಿನದ್ದು ಅಥವಾ ಪ್ರೋಗ್ರಾಂನದ್ದು. (ಫೈಲಿಗೇ ಸೋಂಕಿರಬಹುದು ಅಂತ ಅನುಮಾನ ಇದ್ದರೆ ಮೊದಲು ಸ್ಕ್ಯಾನ್ ಮಾಡಿ.) ಅಲ್ಲಿ ಸರಿಯಿದ್ದರೆ ತಪ್ಪು ಈ ಯಂತ್ರದ್ದು. ಇದೇ ಯಂತ್ರದಲ್ಲಿ ಹೊಸ ಯೂಸರ್ ಅಕೌಂಟ್ ಮಾಡಿ ನೋಡಿ. ಅದರಲ್ಲಿ ಸರಿಯಾದರೆ ಹಳೆಯ ಅಕೌಂಟಿನ ಸೆಟ್ಟಿಂಗ್ ಕೆಟ್ಟಿದೆ. ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದ್ದನ್ನು ಮಾತ್ರ ಇಟ್ಟುಕೊಂಡು ವಿಂಡೋಸ್ ಏಳುವ ರೀತಿ) ಸರಿಯಾದರೆ, ಜೊತೆಗೆ ಶುರುವಾಗುವ ಯಾವುದೋ ಡ್ರೈವರ್ ಅಥವಾ ಪ್ರೋಗ್ರಾಂ ಕಾಟ ಕೊಡುತ್ತಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

13ನೇ ತಾರೀಖಿನ ವೈರಸ್

ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು. ಮೊಳೆ, ಪೈಪು, ಸಿಮೆಂಟ್ ವ್ಯಾಪಾರ. ಬಿಲ್ಲಿಂಗ್‌ಗೆ ಒಂದು ಸಣ್ಣ ಸಾಫ್ಟ್‌ವೇರ್ ಇಟ್ಟುಕೊಂಡಿದ್ದರು. ಜೂನ್ ತಿಂಗಳ 13ರಂದು ಬೆಳಿಗ್ಗೆ ಫೋನ್. "ಬಿಲ್ ಸೇವ್ ಆಗ್ತಿಲ್ಲ, ಎರರ್ ಬರ್ತಿದೆ. ನೆನ್ನೆ ರಾತ್ರಿವರೆಗೂ ಚೆನ್ನಾಗಿತ್ತು. ಹೋದ ತಿಂಗಳು ನೀವು ವೈರಸ್ ತೆಗೆದ್ರಲ್ಲ, ಅದೇ ವಾಪಸ್ ಬಂದಿದೆ ನೋಡಿ."

ತಾರೀಖು ನೋಡಿಕೊಂಡು ಬರುವ ವೈರಸ್‌ಗಳು ನಿಜವಾಗಿ ಇದ್ದವು. ಚೆರ್ನೋಬಿಲ್ ಅಂತ ಹೆಸರಾದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರವರೆಗೆ ಸುಮ್ಮನೆ ಕೂತಿದ್ದು, ಆ ದಿನ ಹಾರ್ಡ್‌ಡಿಸ್ಕ್ ಅಳಿಸಿ, ಕೆಲವು ಯಂತ್ರಗಳನ್ನು ಎಬ್ಬಿಸುವ ಬಯಾಸ್ ಚಿಪ್ಪನ್ನೇ ಕೆಡಿಸಿತು. ಹಾಗಾಗಿ ಯಜಮಾನರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ. ತಾರೀಖನ್ನು 12ಕ್ಕೆ ಇಟ್ಟು ಬಿಲ್ ಹಾಕಿದೆ, ಸೇವ್ ಆಯಿತು. 13ಕ್ಕೆ ಇಟ್ಟೆ, ಎರರ್. 14, 20, 30, ಎಲ್ಲಕ್ಕೂ ಎರರ್. 12 ಆದರೆ ಮತ್ತೆ ಸರಿ.

12 ಅಂದರೆ ತಿಂಗಳುಗಳ ಲೆಕ್ಕ. ಹೋದ ತಿಂಗಳ ಕೊನೆಯ ರಾತ್ರಿ 'ವೈರಸ್' ಅಂತ ಫಾರ್ಮ್ಯಾಟ್ ಮಾಡಿದವನು ನಾನೇ. ವಿಂಡೋಸ್ ಹಾಕುವಾಗ ಪ್ರದೇಶ ಕೇಳಿದಾಗ 'ಇಂಗ್ಲಿಷ್, ಯುನೈಟೆಡ್ ಸ್ಟೇಟ್ಸ್' ಅಂತ ಬಂದದ್ದನ್ನು ನೋಡದೆ ನೆಕ್ಸ್ಟ್ ಒತ್ತಿದ್ದೆ. ಅಮೆರಿಕದವರು ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತಿದ್ದದ್ದು ನಮ್ಮ ಪದ್ಧತಿಯ 13/06. ವಿಂಡೋಸ್ ಅದನ್ನು ಹದಿಮೂರನೇ ತಿಂಗಳ 6 ಅಂತ ಓದಿಕೊಂಡಿತು. ಹದಿಮೂರನೇ ತಿಂಗಳು ಎಲ್ಲಿಂದ ತರುವುದು? ಎರರ್ ಕೊಟ್ಟಿತು.

ಎರರ್ ಬಂದದ್ದು ಪುಣ್ಯ. 1ರಿಂದ 12ರವರೆಗೆ ಎರರ್ ಇಲ್ಲದೆ ಸೇವ್ ಆಗಿದ್ದವಲ್ಲ, ಅವು ಎಲ್ಲಿ ಹೋದವು? 05/06ರ ಬಿಲ್ ಮೇ 6ಕ್ಕೆ ಹೋಗಿ ಕೂತಿತ್ತು. 09/06ರದ್ದು ಇನ್ನೂ ಬಾರದ ಸೆಪ್ಟೆಂಬರ್ 6ಕ್ಕೆ. ಆ ಹನ್ನೆರಡು ದಿನಗಳಲ್ಲಿ ಸರಿಯಾಗಿ ಕೂತದ್ದು ಜೂನ್ 6 ಒಂದೇ, ಅಲ್ಲಿ ತಿರುಗಿಸಿದರೂ ಅದೇ ಬರುತ್ತದೆ ಅನ್ನುವ ಕಾರಣಕ್ಕೆ. ಯಜಮಾನರು ತಿಂಗಳ ಕೊನೆಗೆ ಜಿಎಸ್‌ಟಿ ಲೆಕ್ಕ ತೆಗೆದಿದ್ದರೆ ಹನ್ನೊಂದು ದಿನದ ವ್ಯಾಪಾರವೇ ಮಾಯವಾಗಿರುತ್ತಿತ್ತು. ಕೂಗಿಕೊಳ್ಳುವ ಬಗ್‌ಗಿಂತ ಬಾಯಿ ಮುಚ್ಚಿಕೊಂಡಿರುವ ಬಗ್ ಅಪಾಯ ಅನ್ನುವುದು ನನಗೆ ಅವತ್ತು ಅರ್ಥವಾಯಿತು. ಸೆಟ್ಟಿಂಗ್ ಸರಿ ಮಾಡಲು ಎರಡು ನಿಮಿಷ ಹಿಡಿಯಿತು. ಬಿಲ್‌ಗಳನ್ನು ಒಂದೊಂದಾಗಿ ತಿದ್ದಲು ಎರಡು ರಾತ್ರಿ. ದುಡ್ಡು ಕೇಳುವ ಮುಖ ಇರಲಿಲ್ಲ.

ಇಲ್ಲಿ ಬಗ್ ಯಾರದ್ದು? ಅರ್ಧ ನನ್ನದು, ಅರ್ಧ ಸಾಫ್ಟ್‌ವೇರ್ ಬರೆದವರದ್ದು. ತಾರೀಖನ್ನು ಕಂಪ್ಯೂಟರಿನ ಸೆಟ್ಟಿಂಗ್ ನಂಬಿಕೊಂಡು ಓದಬಾರದಿತ್ತು. ಬಗ್‌ನ ಗುರುತು ಮಾತ್ರ ಸ್ಪಷ್ಟ: ಅದು ಪ್ರತಿ ಸಲ ಅದೇ ಕಲ್ಲಿಗೆ ಎಡವುತ್ತದೆ. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಅಂತ ಗೆರೆ ಎಳೆಯಲು ಸಾಧ್ಯವಾದರೆ ಅರ್ಧ ಕೆಲಸ ಮುಗಿಯಿತು.

ಮೇಷ್ಟ್ರ ಪೆನ್‌ಡ್ರೈವ್

ಈಗ ನಿಜವಾದ ವೈರಸ್. ಹೈಸ್ಕೂಲ್ ಮೇಷ್ಟ್ರೊಬ್ಬರು ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ತಂದಿದ್ದರು. ಒಳಗೆ ಫೋಲ್ಡರ್‌ಗಳ ಹೆಸರೆಲ್ಲ ಇದೆ, ಆದರೆ ಪ್ರತಿಯೊಂದರ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಸೈಜ್ ನೋಡಿದರೆ ಒಂದೊಂದು 2 ಕೆಬಿ. ನೂರು ಪುಟದ ಫೋಲ್ಡರ್ 2 ಕೆಬಿ ಹೇಗಾಗುತ್ತದೆ?

ಇಂಥದ್ದು ಕಂಡರೆ ಡಬಲ್ ಕ್ಲಿಕ್ ಮಾಡಬೇಡಿ. ಮಾಡಿದರೆ ಫೋಲ್ಡರ್ ತೆರೆಯುತ್ತದೆ, ನಿಮಗೆ ಅನುಮಾನವೇ ಬರುವುದಿಲ್ಲ, ಹಿಂದೆ ವೈರಸ್ಸೂ ಓಡಿರುತ್ತದೆ. ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆಗೆಯಿರಿ. 'ಟಾರ್ಗೆಟ್' ಅನ್ನುವ ಸಾಲಿನಲ್ಲಿ ಏನಿದೆ ಓದಿ. ಅಲ್ಲಿ ಇರಬೇಕಾದದ್ದು ಒಂದು ಫೋಲ್ಡರಿನ ದಾರಿ. ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಇದ್ದದ್ದು ಸಿಎಂಡಿ, ಅದರ ಮುಂದೆ ಸ್ಟಾರ್ಟ್, ಅದರ ಮುಂದೆ ವಿಬಿಎಸ್ ಅಂತ ಕೊನೆಯಾಗುವ ಒಂದು ಫೈಲಿನ ಹೆಸರು. ಅದು ಸ್ಕ್ರಿಪ್ಟ್. ಕಳ್ಳ ಅವನೇ.

ಅಸಲಿ ಫೋಲ್ಡರ್‌ಗಳು ಎಲ್ಲೂ ಹೋಗಿರುವುದಿಲ್ಲ, ಅಡಗಿರುತ್ತವೆ. ಫೋಲ್ಡರ್ ಆಪ್ಷನ್ಸ್‌ನ ವ್ಯೂ ಭಾಗದಲ್ಲಿ ಮೂರು ಕೆಲಸ ಮಾಡಿ. ಹಿಡನ್ ಫೈಲ್ ತೋರಿಸು ಅಂತ ಹೇಳಿ. ಸಿಸ್ಟಂ ಫೈಲ್ ಅಡಗಿಸು ಅನ್ನುವ ಟಿಕ್ ತೆಗೆಯಿರಿ. ಫೈಲಿನ ಎಕ್ಸ್‌ಟೆನ್ಷನ್ ಅಡಗಿಸು ಅನ್ನುವುದರ ಟಿಕ್ಕನ್ನೂ ತೆಗೆಯಿರಿ. ಈ ಮೂರನೆಯದನ್ನು ವಿಂಡೋಸ್ ಯಾಕೆ ಹಾಗೆ ಅಡಗಿಸಿಡುತ್ತದೋ, ನನಗೆ ಇವತ್ತಿಗೂ ಸಿಟ್ಟಿದೆ. 2000ನೇ ಇಸವಿಯ ಮೇ ತಿಂಗಳಲ್ಲಿ ಹರಡಿದ 'ಐ ಲವ್ ಯೂ' ವೈರಸ್ ಆಟ ಆಡಿದ್ದು ಇದೇ ಸಂದಿನಲ್ಲಿ. ಫೈಲಿನ ಹೆಸರು ಟಿಎಕ್ಸ್‌ಟಿ ಅಂತ ಮುಗಿದ ಹಾಗೆ ಕಾಣುತ್ತಿತ್ತು, ಅದರ ಹಿಂದಿದ್ದ ವಿಬಿಎಸ್ ಕಾಣುತ್ತಿರಲಿಲ್ಲ. ಪ್ರೇಮಪತ್ರ ಅಂದುಕೊಂಡು ಜನ ತೆರೆದರು.

ಫೋಲ್ಡರ್ ಕಂಡ ಮೇಲೆ ಅದರ ಹಿಡನ್ ಗುರುತು ತೆಗೆಯಬೇಕು. ಕೆಲವು ಸಲ ಪ್ರಾಪರ್ಟೀಸ್‌ನಲ್ಲಿ ಆ ಟಿಕ್ ಮಸುಕಾಗಿರುತ್ತದೆ, ಮುಟ್ಟಲು ಬಿಡುವುದಿಲ್ಲ. ಅದನ್ನು ಸಿಸ್ಟಂ ಫೈಲ್ ಅಂತಲೂ ಗುರುತು ಮಾಡಿರುವುದೇ ಕಾರಣ. ಆಗ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಆಟ್ರಿಬ್' ಅನ್ನುವ ಆಜ್ಞೆ ಬೇಕು. ಅದಕ್ಕೆ ಮೈನಸ್ ಎಚ್, ಮೈನಸ್ ಎಸ್, ಮೈನಸ್ ಆರ್ ಸೇರಿಸಿ ಪೂರ್ತಿ ಡ್ರೈವ್‌ಗೆ ಹೊಡೆದರೆ ಎಲ್ಲ ಹೊರಗೆ ಬರುತ್ತವೆ. ಬೇಕಾದ ಡಾಕ್ಯುಮೆಂಟ್, ಫೋಟೋ ಮಾತ್ರ ನಕಲು ಮಾಡಿಕೊಂಡು, ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಇಲ್ಲಿ ಫಾರ್ಮ್ಯಾಟ್ ಸರಿ.

ಇಷ್ಟಕ್ಕೇ ಬಿಟ್ಟರೆ ಮೇಷ್ಟ್ರು ಮುಂದಿನ ವಾರ ಮತ್ತೆ ಬರುತ್ತಾರೆ. ಬಂದರು ಕೂಡ. ಪೆನ್‌ಡ್ರೈವ್ ಬರೀ ಬಸ್ಸು, ಪ್ರಯಾಣಿಕ ಎಲ್ಲಿ ಹತ್ತುತ್ತಿದ್ದಾನೆ ನೋಡಬೇಕು. ಅದಕ್ಕೆ ಖಾಲಿ ಪೆನ್‌ಡ್ರೈವ್ ಪರೀಕ್ಷೆ ಇದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ. ಅನುಮಾನ ಇರುವ ಕಂಪ್ಯೂಟರಿಗೆ ಸಿಕ್ಕಿಸಿ ಐದು ನಿಮಿಷ ಬಿಡಿ. ತೆಗೆದು ಇನ್ನೊಂದು ಕಡೆ, ಲಿನಕ್ಸ್ ಇರುವ ಯಂತ್ರ ಆದರೆ ಒಳ್ಳೆಯದು, ನೋಡಿ. ಫೋಲ್ಡರ್‌ಗೆ ಬಾಣ ಬಂದಿದ್ದರೆ (ಲಿನಕ್ಸ್‌ನಲ್ಲಾದರೆ ಎಲ್‌ಎನ್‌ಕೆ ಅಂತ ಕೊನೆಯಾಗುವ ಫೈಲ್ ಕಂಡರೆ) ವೈರಸ್‌ನ ಮನೆ ಸಿಕ್ಕಿತು. ಮೇಷ್ಟ್ರ ಮನೆಯ ಕಂಪ್ಯೂಟರ್ ಶುದ್ಧವಾಗಿತ್ತು. ಅವರು ಪೇಪರ್ ಟೈಪ್ ಮಾಡಿಸುತ್ತಿದ್ದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದರೆ, ಯಾರೂ ಏನೂ ತೆರೆಯದಿದ್ದರೂ ಡಬ್ಲ್ಯುಸ್ಕ್ರಿಪ್ಟ್ (ವಿಬಿಎಸ್ ಸ್ಕ್ರಿಪ್ಟ್ ನಡೆಸುವ ವಿಂಡೋಸ್ ಪ್ರೋಗ್ರಾಂ) ಓಡುತ್ತಿತ್ತು. ಸ್ಟಾರ್ಟಪ್ ಭಾಗದಲ್ಲಿ ಅದೇ ವಿಬಿಎಸ್ ಹೆಸರು. ದಿನಕ್ಕೆ ಎಷ್ಟು ಪೆನ್‌ಡ್ರೈವ್ ಆ ಅಂಗಡಿಗೆ ಬಂದು ಹೋಗುತ್ತವೋ ಲೆಕ್ಕ ಹಾಕಿ.

ಪ್ರಿಂಟ್ ಅಂಗಡಿಗೆ ಪದೇಪದೇ ಹೋಗುವವರಿಗೆ ಒಂದು ಉಪಾಯ. ಪೆನ್‌ಡ್ರೈವ್ ಬದಲು ದೊಡ್ಡ ಎಸ್‌ಡಿ ಕಾರ್ಡ್ ಇಟ್ಟುಕೊಳ್ಳಿ. ಅದರ ಪಕ್ಕದಲ್ಲಿ ಸಣ್ಣ ಲಾಕ್ ಇರುತ್ತದೆ. ಕೆಳಗೆ ಎಳೆದರೆ ಓದಬಹುದು, ಬರೆಯಲಾಗುವುದಿಲ್ಲ. ಬಹುತೇಕ ರೀಡರ್‌ಗಳು ಆ ಲಾಕ್‌ಗೆ ಮರ್ಯಾದೆ ಕೊಡುತ್ತವೆ.

ಎರಡೂ ಅಲ್ಲದವು

ಅಂಗಡಿಗೆ ಬರುವುದರಲ್ಲಿ ದೊಡ್ಡ ಪಾಲು ಇದೇ. ಯಾವ ವೆಬ್‌ಸೈಟ್ ತೆರೆದರೂ 'ಕನೆಕ್ಷನ್ ಸುರಕ್ಷಿತವಲ್ಲ' ಅಂತ ಬಂದರೆ ಮೊದಲು ಮೂಲೆಯ ಗಡಿಯಾರ ನೋಡಿ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಟನ್ ಬ್ಯಾಟರಿ ಸತ್ತಿದೆ. ವೆಬ್‌ಸೈಟಿನ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರಿನ ಪ್ರಕಾರ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ಬ್ಯಾಟರಿ ಬದಲಿಸಿ, ತಾರೀಖು ಸರಿ ಮಾಡಿ, ಮುಗಿಯಿತು.

ಹಳೆಯ ಕನ್ನಡ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು ಮೂಡಿ, ನಡುನಡುವೆ ಪೌಂಡ್ ಗುರುತು ಬಂದರೆ? ಅದೂ ವೈರಸ್ ಅಲ್ಲ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು. ಆಗ ಕನ್ನಡಕ್ಕೆ ಅಂತ ಬೇರೆ ಸಂಕೇತ ಬಳಸದೆ, ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಒಳಗಿನ ರೋಮನ್ ಕಾಣುತ್ತದೆ. ಆ ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ. ಗಾಬರಿಯಲ್ಲಿ ಇಂಥ ಫೈಲುಗಳನ್ನು ಅಳಿಸಿ ಹಾಕಿದವರನ್ನು ನೋಡಿದ್ದೇನೆ. ಗ್ರಾಮದೇವತೆ ಟ್ರಸ್ಟಿನ ಹತ್ತು ವರ್ಷದ ನಡಾವಳಿ ಹೋಗಿತ್ತು.

ಪರದೆಯ ಮೂಲೆಯಲ್ಲಿ 'ನಿಮ್ಮ ಪಿಸಿಯಲ್ಲಿ 5 ವೈರಸ್ ಇವೆ' ಅಂತ ಪದೇಪದೇ ಬರುವುದು ಬಹಳ ಸಲ ಬ್ರೌಸರ್ ನೋಟಿಫಿಕೇಷನ್. ಯಾವತ್ತೋ ಒಂದು ಸೈಟಿಗೆ 'ಅಲೌ' ಒತ್ತಿದ್ದೀರಿ. ಬ್ರೌಸರ್ ಸೆಟ್ಟಿಂಗ್‌ನ ನೋಟಿಫಿಕೇಷನ್ ಪಟ್ಟಿಗೆ ಹೋಗಿ ಗೊತ್ತಿಲ್ಲದ ಹೆಸರುಗಳನ್ನು ತೆಗೆಯಿರಿ. ಪರದೆ ತುಂಬ ಕೆಂಪಾಗಿ ಫೋನ್ ನಂಬರ್ ಬಂದರೆ ಆ ನಂಬರ್‌ಗೆ ಕರೆ ಮಾಡಲೇಬೇಡಿ. ಎಸ್ಕೇಪ್ ಗುಂಡಿ ಒತ್ತಿ ಹಿಡಿದು, ಪರದೆ ಚಿಕ್ಕದಾದ ಮೇಲೆ ಬ್ರೌಸರ್ ಮುಚ್ಚಿ.

ಸಿಸ್ಟಂ ಸ್ಲೋ ಅಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಯಾವಾಗಲೂ 100 ಪರ್ಸೆಂಟ್ ಅಂತ ತೋರಿಸುತ್ತಿದೆಯಾ ನೋಡಿ. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಮೊದಲು ಬ್ಯಾಕಪ್, ಆಮೇಲೆ ಎಸ್‌ಎಸ್‌ಡಿ. ಎರಡೆರಡು ಆಂಟಿವೈರಸ್ ಹಾಕಿಕೊಂಡು ಅವು ಒಂದನ್ನೊಂದು ಕಾಯುತ್ತಾ ಕೂತದ್ದೂ ಉಂಟು.

ಪ್ರಪಂಚವೇ ಮೋಸಹೋದದ್ದು

2018ರ ಫೆಬ್ರವರಿಯಲ್ಲಿ ಐಫೋನ್‌ಗಳಿಗೆ 'ತೆಲುಗು ವೈರಸ್' ಅಂತ ಸುದ್ದಿಯಾಯಿತು. ತೆಲುಗಿನ 'ಜ್ಞಾ' ಇರುವ ಮೆಸೇಜ್ ಬಂದರೆ ಸಾಕು, ಆ್ಯಪ್ ಬಿದ್ದುಹೋಗುತ್ತಿತ್ತು. ಅದು ವೈರಸ್ ಅಲ್ಲ, ಶುದ್ಧ ಬಗ್. ಒತ್ತಕ್ಷರದ ಜೊತೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿದಾಗ, ಅಕ್ಷರ ಜೋಡಿಸುವ ಪ್ರೋಗ್ರಾಂ ಎಡವುತ್ತಿತ್ತು. ಆಪಲ್ ಅದನ್ನು ಐಓಎಸ್ 11.2.6ರಲ್ಲಿ ಸರಿ ಮಾಡಿತು.

2024ರ ಜುಲೈ 19 ಇನ್ನೂ ದೊಡ್ಡದು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅವತ್ತು ನನಗೆ ಬಂದ ಫೋನುಗಳಲ್ಲೆಲ್ಲ ಒಂದೇ ಮಾತು, ದೊಡ್ಡ ವೈರಸ್ ಅಂತೆ. ಕೆಟ್ಟಿದ್ದು ವೈರಸ್ ಹಿಡಿಯುವ ಸಾಫ್ಟ್‌ವೇರೇ. ಅದನ್ನು ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಅಪ್‌ಡೇಟ್ 21 ಮಾಹಿತಿ ಕೇಳುತ್ತಿತ್ತು, ಒಳಗಿನ ಪ್ರೋಗ್ರಾಂ ಕೊಡುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಬಿತ್ತು. ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು. ಫಾರ್ಮ್ಯಾಟ್ ಬೇಕಿರಲಿಲ್ಲ.

ಇನ್ನೊಂದು ನಂಟಿದೆ. ವೈರಸ್ ಒಳಗೆ ಬರುವ ಬಾಗಿಲು ಬಹಳ ಸಲ ಒಂದು ಬಗ್. 2017ರ ಮೇ 12ರಂದು ಹರಡಿದ ವಾನಾಕ್ರೈ ಬಳಸಿದ್ದು ವಿಂಡೋಸ್‌ನ ಫೈಲ್ ಹಂಚಿಕೆಯ ಒಂದು ಬಗ್. ಅದಕ್ಕೆ ತೇಪೆ ಮಾರ್ಚ್ 14ರಂದೇ ಬಂದಿತ್ತು. ಎರಡು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟವರಿಗೆ ಪೆಟ್ಟು ಬಿತ್ತು.

ಅನುಮಾನ ಗಟ್ಟಿಯಾದರೆ

ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್) ಆಫ್‌ಲೈನ್ ಸ್ಕ್ಯಾನ್ ಇದೆ. ಸಿಸ್ಟಂ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಎದ್ದೇಳುವ ಮೊದಲೇ ಹುಡುಕುತ್ತದೆ. ಎದ್ದ ಮೇಲೆ ಅಡಗಿಕೊಳ್ಳುವ ವೈರಸ್‌ಗೆ ಆಗ ಅವಕಾಶ ಇರುವುದಿಲ್ಲ. ಸುಮಾರು ಕಾಲು ಗಂಟೆ ಸಾಕು. ಡಿಫೆಂಡರ್ ಆಫ್ ಆಗಿದ್ದರೆ, ಆನ್ ಮಾಡಲು ಬಿಡದಿದ್ದರೆ, ಅದೇ ದೊಡ್ಡ ಗುರುತು. ಆದರೆ ಮನೆಯವರನ್ನು ಒಮ್ಮೆ ಕೇಳಿ. ಕ್ರ್ಯಾಕ್ ಮಾಡಿದ ಫೋಟೋ ಸಾಫ್ಟ್‌ವೇರ್ ಹಾಕುವಾಗ 'ಆಂಟಿವೈರಸ್ ಆಫ್ ಮಾಡಿ' ಅಂತ ಬರೆದಿರುತ್ತದೆ, ಇವರೂ ವಿಧೇಯರಾಗಿ ಮಾಡಿರುತ್ತಾರೆ. ಕಳ್ಳ ಬಾಗಿಲು ತೆಗೆಯಿರಿ ಅಂದರೆ ತೆಗೆದ ಹಾಗೆ.

ಫೈಲುಗಳ ಹೆಸರಿನ ಕೊನೆಗೆ ಹೊಸ ಬಾಲ ಬಂದು, ಪ್ರತಿ ಫೋಲ್ಡರಿನಲ್ಲಿ ದುಡ್ಡು ಕೇಳುವ ಚೀಟಿ ಇದ್ದರೆ ಅದು ರ‍್ಯಾನ್ಸಮ್‌ವೇರ್. ತಕ್ಷಣ ಲ್ಯಾನ್ ಕೇಬಲ್ ಎಳೆಯಿರಿ, ವೈಫೈ ಆಫ್ ಮಾಡಿ, ಬ್ಯಾಕಪ್ ಡಿಸ್ಕ್ ಹತ್ತಿರಕ್ಕೂ ತರಬೇಡಿ. ಫಾರ್ಮ್ಯಾಟ್ ಮಾಡಬೇಡಿ. ಯುರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ಜಾಲತಾಣದಲ್ಲಿ ಕೆಲವು ಬಗೆಯವಕ್ಕೆ ಉಚಿತ ಬೀಗದ ಕೈ ಸಿಗುತ್ತದೆ. ಅದಕ್ಕೆ ಆ ಚೀಟಿ, ಒಂದೆರಡು ಕೆಟ್ಟ ಫೈಲ್ ಬೇಕು. ಖಾತೆಯಿಂದ ದುಡ್ಡು ಹೋಗಿದ್ದರೆ ರಿಪೇರಿ ಆಮೇಲೆ, ಮೊದಲು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಾಟ್ಸ್ಯಾಪಿನಲ್ಲಿ ಮದುವೆ ಕಾಗದ, ಟ್ರಾಫಿಕ್ ದಂಡ ಅಂತ ಬರುವ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಒತ್ತಿದವರಿಗೂ ಇದೇ ಮಾತು.

ಕೊನೆಗೆ ಫಾರ್ಮ್ಯಾಟ್ ಮಾಡಲೇಬೇಕಾಗಿ ಬಂದರೆ, ಮಾಡಿ. ಮೊದಲು ಡಾಕ್ಯುಮೆಂಟ್, ಫೋಟೋ, ಬಿಲ್ಲಿಂಗ್ ಡೇಟಾ, ಹಳೆಯ ಕನ್ನಡ ಫಾಂಟ್ ತೆಗೆದಿಡಿ. ಪಾಸ್‌ವರ್ಡ್‌ಗಳನ್ನು ಬೇರೆ ಶುದ್ಧ ಯಂತ್ರದಿಂದ ಬದಲಿಸಿ. ವಿಂಡೋಸ್ ಹಾಕಿ, ಅಪ್‌ಡೇಟ್ ಮುಗಿಸಿ, ಆಮೇಲೆ ಪೆನ್‌ಡ್ರೈವ್ ಸಿಕ್ಕಿಸಿ. ಗಿರಾಕಿಗೆ ಕೊಡುವ ಮುಂಚೆ ಪ್ರದೇಶ ಇಂಡಿಯಾ ಅಂತ ಇದೆಯಾ ನೋಡಿ. ತಾರೀಖು 13ಕ್ಕೆ ಇಟ್ಟು ಒಂದು ಬಿಲ್ ಹಾಕಿ ನೋಡಿ.